ಮಾಜಿ ಸೈನಿಕರ ಸಂಘ: ಹುಟ್ಟು, ಸದಸ್ಯತ್ವ, ಕಾಗದಪತ್ರ — ಪದೇ ಪದೇ ಕೇಳುವ ಪ್ರಶ್ನೆಗಳು

ಸೇನೆಯಿಂದ ಈಚೆಗೆ ಊರಿಗೆ ಬಂದವರು, ತಾಲ್ಲೂಕಿನಲ್ಲಿ ಸಂಘ ಕಟ್ಟಬೇಕೆಂದು ಓಡಾಡುತ್ತಿರುವವರು, ಮನೆಯ ಯೋಧನನ್ನು ಕಳೆದುಕೊಂಡ ತಾಯಂದಿರು ಮತ್ತು ಮಕ್ಕಳು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಓದುವ ಮುನ್ನ ಒಂದು ಕೆಲಸ ಮಾಡಿ: ಡಿಸ್ಚಾರ್ಜ್ ಬುಕ್ (ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಪುಸ್ತಕ), ಪಿಪಿಒ (ಪಿಂಚಣಿ ಪಾವತಿ ಆದೇಶ), ಆಧಾರ್ ಕಾರ್ಡ್ ಮೂರನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಬಹಳಷ್ಟು ಪ್ರಶ್ನೆಗಳಿಗೆ ಉತ್ತರ ಆ ಮೂರು ಕಾಗದಗಳಲ್ಲೇ ಇರುತ್ತದೆ.

ಸಂಘ, ಸೈನಿಕ ಬೋರ್ಡ್, ಇಸಿಎಚ್‌ಎಸ್ — ಎಲ್ಲವೂ ಒಂದೇ ಅಲ್ಲವೇ?

ಅಲ್ಲ. ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ, ಆದ್ದರಿಂದ ಮೊದಲು ಇದನ್ನು ಬಿಡಿಸಿ ಹೇಳುತ್ತೇವೆ.

ಸೈನಿಕ ಬೋರ್ಡ್ ಸರ್ಕಾರದ್ದು. ದೆಹಲಿಯಲ್ಲಿ ರಕ್ಷಣಾ ಸಚಿವರ ಅಧ್ಯಕ್ಷತೆಯ ಕೇಂದ್ರೀಯ ಸೈನಿಕ ಮಂಡಳಿ, ರಾಜ್ಯದಲ್ಲಿ ಅದರ ಕೆಲಸ ನೋಡುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ, ಜಿಲ್ಲೆಗಳಲ್ಲಿ ಅದರ ಕಚೇರಿಗಳು. ಕರ್ನಾಟಕದಲ್ಲಿ ಪ್ರತಿ ಜಿಲ್ಲೆಗೂ ಪ್ರತ್ಯೇಕ ಕಚೇರಿ ಇಲ್ಲ. ಕೆಲವು ಜಿಲ್ಲೆಗಳು ನೆರೆಯ ಜಿಲ್ಲೆಯ ಕಚೇರಿಯ ವ್ಯಾಪ್ತಿಗೆ ಬರುತ್ತವೆ, ನಿಮ್ಮದು ಯಾವುದೆಂದು ಮೊದಲೇ ಕೇಳಿಕೊಳ್ಳಿ. ಮಾಜಿ ಸೈನಿಕರ ಗುರುತಿನ ಚೀಟಿ ಕೊಡುವುದು, ಸಹಾಯಧನದ ಅರ್ಜಿ ಪರಿಶೀಲಿಸುವುದು, ರೆಕಾರ್ಡ್ ಆಫೀಸಿಗೆ (ಯೋಧರ ಸೇವಾ ದಾಖಲೆ ಇಡುವ ಸೇನಾ ಕಚೇರಿಗೆ) ಪತ್ರ ಬರೆಯುವುದು ಈ ಕಚೇರಿಯ ಕೆಲಸ.

ಇಸಿಎಚ್‌ಎಸ್ 2003ರ ಏಪ್ರಿಲ್ 1ರಂದು ಶುರುವಾದ ವೈದ್ಯಕೀಯ ಯೋಜನೆ. ವಂತಿಗೆ ಕಟ್ಟಿ ಸೇರಬೇಕು.

ಸಂಘ ನಾವೇ ಕಟ್ಟಿಕೊಂಡಿದ್ದು. ಅದು ಖಾಸಗಿ, ಸ್ವಯಂಪ್ರೇರಿತ. ಅದರ ಸದಸ್ಯತ್ವದಿಂದ ಕಾನೂನುಬದ್ಧ ಸೌಲಭ್ಯ ಒಂದೂ ಹುಟ್ಟುವುದಿಲ್ಲ. ಆದರೆ ಇರುವ ಸೌಲಭ್ಯ ನಿಮ್ಮ ಮನೆ ಬಾಗಿಲಿಗೆ ತಲುಪುವುದೋ ಇಲ್ಲವೋ ಎಂಬುದು, ಎಷ್ಟೋ ಸಲ, ಊರಿನ ಸಂಘದಲ್ಲಿ ಕಾಗದ ಓದಬಲ್ಲವರು ಇದ್ದಾರೆಯೇ ಎಂಬುದರ ಮೇಲೆ ನಿಂತಿರುತ್ತದೆ. ಸಂಘಗಳ ಬೆಲೆ ಅಲ್ಲಿದೆ.

ಸಂಘಕ್ಕೆ ಸೇರದಿದ್ದರೆ ಪಿಂಚಣಿಗೋ ಕ್ಯಾಂಟೀನಿಗೋ (ಸೇನೆಯ ರಿಯಾಯಿತಿ ದರದ ಅಂಗಡಿ) ತೊಂದರೆಯೇ?

ಇಲ್ಲ. ಹಾಗೆಂದು ಯಾರಾದರೂ ಹೆದರಿಸಿ ಚಂದಾ ಕೇಳಿದರೆ ಕೊಡಬೇಡಿ.

ಈ ಬೋರ್ಡುಗಳು ಯಾವಾಗ ಹುಟ್ಟಿದವು?

ಮೊದಲ ಮಹಾಯುದ್ಧ ಮುಗಿದ ಮೇಲೆ ಲಕ್ಷಾಂತರ ಭಾರತೀಯ ಸಿಪಾಯಿಗಳು ಊರಿಗೆ ಮರಳಿದರು. ಅವರ ಬಾಕಿ ಸಂಬಳ, ಅಂಗವಿಕಲರ ಪಿಂಚಣಿ, ಸತ್ತವರ ಮನೆಯವರ ಅಹವಾಲು ನೋಡಲು 1919ರಲ್ಲಿ ಇಂಡಿಯನ್ ಸೋಲ್ಜರ್ಸ್ ಬೋರ್ಡ್ ರಚನೆಯಾಯಿತು. 1951ರಲ್ಲಿ ನಾವಿಕರನ್ನೂ ವಾಯುಪಡೆಯವರನ್ನೂ ಹೆಸರಿನಲ್ಲಿ ಸೇರಿಸಿಕೊಂಡರು. 1975ರಲ್ಲಿ ಅದು ಕೇಂದ್ರೀಯ ಸೈನಿಕ ಮಂಡಳಿ ಆಯಿತು. ರಕ್ಷಣಾ ಸಚಿವಾಲಯದಲ್ಲಿ ಮಾಜಿ ಸೈನಿಕರ ಕಲ್ಯಾಣಕ್ಕೆಂದೇ ಪ್ರತ್ಯೇಕ ಇಲಾಖೆ ಬಂದದ್ದು 2004ರಲ್ಲಿ.

ಡಿಸೆಂಬರ್ 7ರ ಧ್ವಜ ದಿನಾಚರಣೆ 1949ರಿಂದ ನಡೆದುಬಂದಿದೆ. ಕೆಂಪು, ಕಡು ನೀಲಿ, ತಿಳಿ ನೀಲಿ ಬಣ್ಣದ ಆ ಪುಟ್ಟ ಧ್ವಜದಿಂದ ಕೂಡಿಬರುವ ನಿಧಿಯಿಂದಲೇ ಇಂದಿಗೂ ಬಡ ಯೋಧರ ಮನೆಗಳಿಗೆ ಸಹಾಯಧನ ಹೋಗುತ್ತಿದೆ. ಶಾಲೆಯಲ್ಲಿ ಮಕ್ಕಳು ಕೊಟ್ಟ ಐದು ಹತ್ತು ರೂಪಾಯಿ ಎಲ್ಲಿ ಹೋಯಿತೆಂದು ಕೇಳುವವರಿಗೆ ಇದನ್ನು ತಿಳಿಸಿ.

ಸಂಘಗಳ ಇತಿಹಾಸ?

ಬ್ರಿಟನ್ನಿನಲ್ಲಿ ಮೊದಲ ಮಹಾಯುದ್ಧದ ನಂತರ ಮಾಜಿ ಸೈನಿಕರ ನಾಲ್ಕು ಸಂಘಟನೆಗಳು ಒಂದರ ಜೊತೆ ಒಂದು ಪೈಪೋಟಿ ನಡೆಸುತ್ತಿದ್ದವು. 1921ರ ಮೇ 15ರಂದು ನಾಲ್ಕೂ ಒಂದಾಗಿ ಬ್ರಿಟಿಷ್ ಲೀಜನ್ ಆಯಿತು. ಅದೇ ವರ್ಷ ಕೇಪ್‌ಟೌನಿನಲ್ಲಿ ಫೀಲ್ಡ್ ಮಾರ್ಷಲ್ ಹೇಗ್ ಮುಂದಾಳತ್ವದಲ್ಲಿ ಇಡೀ ಸಾಮ್ರಾಜ್ಯದ ಮಾಜಿ ಸೈನಿಕರ ಒಕ್ಕೂಟ ಹುಟ್ಟಿತು. ಇಂದು ಅದರ ಹೆಸರು ರಾಯಲ್ ಕಾಮನ್‌ವೆಲ್ತ್ ಎಕ್ಸ್-ಸರ್ವಿಸಸ್ ಲೀಗ್.

ನಮ್ಮಲ್ಲಿ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಆರಂಭವಾದದ್ದು 1964ರಲ್ಲಿ. ಕಟ್ಟಿದವರು ಕೊಡಗಿನ ಕೆ. ಎಂ. ಕಾರ್ಯಪ್ಪ. ಭಾರತೀಯ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿದ್ದ ಅವರು 1953ರ ಜನವರಿ 14ರಂದು ನಿವೃತ್ತರಾದರು. ಆಮೇಲೂ ಜವಾನರ ಪುನರ್ವಸತಿಯ ಮಾತನ್ನು ಅವರು ಬಿಡಲಿಲ್ಲ. ಲೀಗಿಗೆ ಬುನಾದಿ ಹಾಕುವಾಗ ಅವರು ನಿವೃತ್ತ ಜನರಲ್. ಫೀಲ್ಡ್ ಮಾರ್ಷಲ್ ಪದವಿ ಬಂದದ್ದು 1986ರಲ್ಲಿ. ಅವರ ನಿವೃತ್ತಿಯ ದಿನವನ್ನೇ ಈಗ ದೇಶವೆಲ್ಲ ಸಶಸ್ತ್ರ ಪಡೆಗಳ ಮಾಜಿ ಸೈನಿಕರ ದಿನವಾಗಿ ಆಚರಿಸುತ್ತಿದೆ. ಮರುದಿನ ಜನವರಿ 15 ಸೇನಾ ದಿನ, ಅದು ಅವರು 1949ರಲ್ಲಿ ಅಧಿಕಾರ ವಹಿಸಿಕೊಂಡ ದಿನ. ಎರಡನ್ನೂ ಬೆರೆಸಿ ಬ್ಯಾನರ್ ಬರೆಸುವ ಸಂಘಗಳಿವೆ, ದಯವಿಟ್ಟು ತಿದ್ದಿಕೊಳ್ಳಿ.

1971ರ ಯುದ್ಧದ ಮಾರನೆಯ ವರ್ಷ ಮೋಹಿನಿ ಗಿರಿ ದೆಹಲಿಯಲ್ಲಿ ಯುದ್ಧ ವಿಧವೆಯರ ಸಂಘ ಕಟ್ಟಿದರು. ಗಂಡಸರ ಸಂಘಗಳು ಕಂಡೂ ಕಾಣದಂತೆ ಬಿಟ್ಟಿದ್ದ ಕೆಲಸವನ್ನು ಅದು ಕೈಗೆತ್ತಿಕೊಂಡಿತು.

ಮೈಸೂರು ಸಂಸ್ಥಾನದ ಸೇನೆಯಲ್ಲಿದ್ದವರು ಈ ಲೆಕ್ಕಕ್ಕೆ ಬರುತ್ತಾರೆಯೇ?

ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಪಟ್ಟಣವನ್ನು ಕುದುರೆ ಮೇಲೆ ನುಗ್ಗಿ ಗೆದ್ದ ಪಡೆ. ಸ್ವಾತಂತ್ರ್ಯದ ನಂತರ ಸಂಸ್ಥಾನದ ಪಡೆಗಳು ಭಾರತೀಯ ಸೇನೆಯಲ್ಲಿ ವಿಲೀನವಾದವು. ಆ ಕಾಲದವರು ಈಗ ಉಳಿದಿಲ್ಲವೆಂದೇ ಹೇಳಬೇಕು, ಆದರೆ ಕುಟುಂಬ ಪಿಂಚಣಿಯ ಹಳೆಯ ಕಡತ ಹಿಡಿದು ಬರುವ ಮನೆಗಳು ಈಗಲೂ ಇವೆ. ಅವರು ಜಿಲ್ಲಾ ಸೈನಿಕ ಕಚೇರಿಗೆ ಮೂಲ ಕಾಗದ ತೋರಿಸಲಿ, ನಕಲನ್ನು ಮಾತ್ರ ಕೊಡಲಿ.

ಮಾಜಿ ಸೈನಿಕ ಎಂದರೆ ಕಾನೂನಿನ ಕಣ್ಣಲ್ಲಿ ಯಾರು?

ಸಮವಸ್ತ್ರ ತೊಟ್ಟವರೆಲ್ಲ ಅಲ್ಲ. ಭೂಸೇನೆ, ನೌಕಾಪಡೆ, ವಾಯುಪಡೆಯಲ್ಲಿ ಸೇವೆ ಸಲ್ಲಿಸಿ ಪಿಂಚಣಿಯೊಂದಿಗೆ ಹೊರಬಂದವರು; ಸೇವೆಯಿಂದಲೇ ಬಂದ ಗಾಯ ಅಥವಾ ಕಾಯಿಲೆಯಿಂದ ವೈದ್ಯಕೀಯ ಕಾರಣಕ್ಕೆ ಹೊರಬಂದು ಪಿಂಚಣಿ ಪಡೆಯುತ್ತಿರುವವರು; ಪಡೆಯ ಸಂಖ್ಯೆ ಇಳಿಸಿದಾಗ ಬಿಡುಗಡೆಯಾದವರು; ಒಪ್ಪಂದದ ಅವಧಿ ಪೂರೈಸಿ ಗ್ರಾಚ್ಯುಟಿ ಪಡೆದು ಬಂದವರು. ಈ ಕೊನೆಯ ಗುಂಪಿನಲ್ಲೇ ಶಾರ್ಟ್ ಸರ್ವಿಸ್ ಅಧಿಕಾರಿಗಳು ಬರುತ್ತಾರೆ. ಟೆರಿಟೋರಿಯಲ್ ಆರ್ಮಿಯವರಲ್ಲಿ ಪಿಂಚಣಿ ಪಡೆದವರು, ಸೇವೆಯಿಂದ ಅಂಗವಿಕಲರಾದವರು, ಶೌರ್ಯ ಪ್ರಶಸ್ತಿ ವಿಜೇತರು ಸೇರುತ್ತಾರೆ.

ಜವಾನರಿಗೆ ಪಿಂಚಣಿಗೆ ಬೇಕಾದ ಸೇವೆ 15 ವರ್ಷ, ಅಧಿಕಾರಿಗಳಿಗೆ 20. ಪಿಂಚಣಿಗೆ ಮುಂಚೆ ಸ್ವಂತ ಕೋರಿಕೆಯ ಮೇಲೆ ಬಿಟ್ಟುಬಂದವರು ಸಾಮಾನ್ಯವಾಗಿ ಈ ವ್ಯಾಖ್ಯೆಗೆ ಬರುವುದಿಲ್ಲ. ಡಿಸ್ಮಿಸ್ ಆದವರಂತೂ ಬರುವುದೇ ಇಲ್ಲ. ಇನ್ನೊಂದು ಸೂಕ್ಷ್ಮ ಇದೆ: ಡಿಸ್ಚಾರ್ಜ್ ಆದ ತಾರೀಖಿನ ಮೇಲೆ ನಿಯಮ ಬದಲಾಗುತ್ತದೆ. ಬೇರೆ ಬೇರೆ ಕಾಲದಲ್ಲಿ ಬಂದವರಿಗೆ ಬೇರೆ ಬೇರೆ ನಿಯಮ. ಆದ್ದರಿಂದ ಪಕ್ಕದ ಮನೆಯ ಹಿರಿಯರಿಗೆ ಚೀಟಿ ಸಿಕ್ಕಿತೆಂದು ನಿಮಗೂ ಸಿಗಲೇಬೇಕೆಂದಿಲ್ಲ, ಅವರಿಗೆ ಸಿಗಲಿಲ್ಲವೆಂದು ನೀವು ಕೈಬಿಡಬೇಕಾಗಿಯೂ ಇಲ್ಲ. ಡಿಸ್ಚಾರ್ಜ್ ಬುಕ್ಕಿನಲ್ಲಿ ಬಿಡುಗಡೆಯ ಕಾರಣ ಬರೆದಿರುವ ಸಾಲನ್ನು ಕಚೇರಿಯಲ್ಲಿ ತೋರಿಸಿ ಕೇಳಿ.

ಬಿಎಸ್‌ಎಫ್, ಸಿಆರ್‌ಪಿಎಫ್‌ನಲ್ಲಿದ್ದವರು ಸಂಘ ಸೇರಬಹುದೇ?

ಸರ್ಕಾರದ ವ್ಯಾಖ್ಯೆಯಲ್ಲಿ ಅವರು ಮಾಜಿ ಸೈನಿಕರಲ್ಲ. ಗೃಹ ಸಚಿವಾಲಯದ ಕೆಳಗೆ ಬರುವ ಅವರನ್ನು 2012ರಿಂದ ಮಾಜಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆ ಸಿಬ್ಬಂದಿ ಎಂದು ಗುರುತಿಸಲಾಗಿದೆ, ಅವರ ಕಲ್ಯಾಣ ವ್ಯವಸ್ಥೆಯೂ ಬೇರೆ. ಆದರೆ ನಿಮ್ಮ ಸಂಘ ನಿಮ್ಮದು. ಬೈಲಾದಲ್ಲಿ ಬರೆದುಕೊಂಡರೆ ಧಾರಾಳವಾಗಿ ಸೇರಿಸಿಕೊಳ್ಳಬಹುದು. ಎಷ್ಟೋ ತಾಲ್ಲೂಕುಗಳಲ್ಲಿ ‘ಮಾಜಿ ಸೈನಿಕರ ಮತ್ತು ಅರೆಸೇನಾ ಪಡೆಗಳ’ ಸಂಘ ಎಂದೇ ನೋಂದಾಯಿಸಿಕೊಂಡಿದ್ದಾರೆ. ಸಹಾಯಧನದ ಅರ್ಜಿ ಬರೆಯುವಾಗ ಮಾತ್ರ ಎರಡು ದಾರಿ ಬೇರೆ ಎಂಬುದು ಕಾರ್ಯದರ್ಶಿಗೆ ಗೊತ್ತಿರಬೇಕು.

ಅಗ್ನಿವೀರರು?

2022ರ ಜೂನ್ 14ರಂದು ಘೋಷಣೆಯಾದ ಅಗ್ನಿಪಥ ಯೋಜನೆಯ ಷರತ್ತಿನಲ್ಲೇ ಸ್ಪಷ್ಟವಾಗಿದೆ: ನಾಲ್ಕು ವರ್ಷ ಮುಗಿಸಿ ಬರುವ ಅಗ್ನಿವೀರರಿಗೆ ಪಿಂಚಣಿ, ಗ್ರಾಚ್ಯುಟಿ, ಇಸಿಎಚ್‌ಎಸ್, ಕ್ಯಾಂಟೀನ್, ಮಾಜಿ ಸೈನಿಕ ಸ್ಥಾನ ಇಲ್ಲ. ಕಾಯಂ ಆಗುವವರು ಗರಿಷ್ಠ ನೂರಕ್ಕೆ 25. ಉಳಿದವರು ಇಪ್ಪತ್ತೈದರ ಆಸುಪಾಸಿನ ಹುಡುಗರಾಗಿ ಊರಿಗೆ ಬರುತ್ತಾರೆ. ಅವರನ್ನು ಹೊರಗಿಡುವ ಸಂಘ ತನ್ನ ಮುಂದಿನ ತಲೆಮಾರನ್ನೇ ಕಳೆದುಕೊಳ್ಳುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಈಗಲೇ ಮಹಾಸಭೆ ಕರೆದು ಬೈಲಾ ತಿದ್ದಿಕೊಳ್ಳಿ.

ಸೇವೆಯಲ್ಲಿರುವಾಗಲೇ ಸದಸ್ಯರಾಗಬಹುದೇ?

ಬೇಡ. ಸಂವಿಧಾನದ 33ನೇ ವಿಧಿ, 1950ರ ಸೇನಾ ಕಾಯ್ದೆಯ 21ನೇ ಕಲಂ ಮತ್ತು ಅದರ ನಿಯಮಗಳು ಸೇವೆಯಲ್ಲಿರುವವರ ಸಂಘಟನೆಯ ಹಕ್ಕನ್ನು ಮಿತಿಗೊಳಿಸಿವೆ. ರಜೆಗೆ ಬಂದ ಹುಡುಗನನ್ನು ಸಭೆಗೆ ಕರೆದು ವೇದಿಕೆ ಮೇಲೆ ಕೂರಿಸಿ, ಮೈಕ್ ಕೊಟ್ಟು, ಫೋಟೊ ಹಾಕಿ ಅವನ ನೌಕರಿಗೆ ಕುತ್ತು ತರಬೇಡಿ. ಡಿಸ್ಚಾರ್ಜ್ ಆದ ಮರುದಿನ ಬಂದರೆ ಸಾಕು.

ಸದಸ್ಯನಾಗಲು ಏನೇನು ಕಾಗದ ಬೇಕು?

ಅರ್ಜಿ, ಡಿಸ್ಚಾರ್ಜ್ ಬುಕ್ಕಿನ ಮುಖ್ಯ ಪುಟಗಳ ನಕಲು, ಪಿಪಿಒ ನಕಲು, ಮಾಜಿ ಸೈನಿಕ ಗುರುತಿನ ಚೀಟಿ, ಆಧಾರ್, ಎರಡು ಫೋಟೊ. ಅಧಿಕಾರಿಗಳಾಗಿದ್ದವರಿಗೆ ಡಿಸ್ಚಾರ್ಜ್ ಬುಕ್ ಬದಲು ಬಿಡುಗಡೆಯ ಆದೇಶ ಇರುತ್ತದೆ. ಶುಲ್ಕ ಬೈಲಾದಲ್ಲಿ ಇದ್ದಷ್ಟೇ. ರಸೀದಿ ಇಲ್ಲದೆ ಒಂದು ರೂಪಾಯಿಯೂ ಬೇಡ.

ಡಿಸ್ಚಾರ್ಜ್ ಬುಕ್ಕನ್ನು ಕೈಯಲ್ಲಿ ಹಿಡಿದು ಮೂರು ಕಡೆ ಬೆರಳಿಟ್ಟು ಓದಿ. ಒಂದು, ನಿಮ್ಮ ಹೆಸರು ಮತ್ತು ಹುಟ್ಟಿದ ತಾರೀಖು. ಎರಡು, ಬಿಡುಗಡೆಯ ಕಾರಣ ಮತ್ತು ನಡತೆಯ ಷರಾ. ಮೂರು, ಹೆಂಡತಿ ಮಕ್ಕಳ ಹೆಸರಿನ ಪುಟ. ಮೊದಲ ಎರಡನ್ನು ಎಲ್ಲರೂ ನೋಡುತ್ತಾರೆ. ಮೂರನೆಯದನ್ನು ಮನೆಯಲ್ಲಿ ಸಾವಾದ ಮೇಲೆ, ಕುಟುಂಬ ಪಿಂಚಣಿಯ ಅರ್ಜಿ ವಾಪಸ್ ಬಂದಾಗ ನೋಡುತ್ತಾರೆ. ಆಗ ಕಾಣುವುದು: ಹೆಂಡತಿಯ ತವರಿನ ಹೆಸರು ಹಾಗೇ ಉಳಿದಿದೆ, ಎರಡನೇ ಮಗುವಿನ ಹೆಸರೇ ಇಲ್ಲ, ಅಥವಾ ಲಕ್ಷ್ಮವ್ವ ಎಂಬುದು ಲಕ್ಷ್ಮಿ ಆಗಿದೆ.

ಹೆಸರು ಹೊಂದಿಕೆಯಾಗುತ್ತಿಲ್ಲ. ಯಾಕೆ ಹೀಗಾಗುತ್ತದೆ, ಹೇಗೆ ಸರಿಪಡಿಸುವುದು?

ಕಾರಣ ಸರಳ. ಭರ್ತಿಯ ದಿನ ಕನ್ನಡ ಗೊತ್ತಿಲ್ಲದ ಗುಮಾಸ್ತರು ಕೇಳಿಸಿದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡರು. ಗೌಡ ಎಂಬ ಒಂದು ಹೆಸರಿಗೇ ಮೂರು ಸ್ಪೆಲ್ಲಿಂಗ್ ಕಾಣುತ್ತೀರಿ. ನಮ್ಮಲ್ಲಿ ಇನಿಷಿಯಲ್ ಮುಂದಿರುತ್ತದೆ, ಸೇನೆಯಲ್ಲಿ ಬಿಡಿಸಿ ಹಿಂದೆ ಬರೆಯುತ್ತಾರೆ. ಉತ್ತರ ಕರ್ನಾಟಕದಲ್ಲಿ ತಂದೆಯ ಹೆಸರು ನಡುವೆ ಬಂದು ಅಡ್ಡಹೆಸರು ಕೊನೆಗೆ ನಿಲ್ಲುತ್ತದೆ. ಆಧಾರ್ ಬಂದಾಗ ಇನ್ನೊಂದು ರೂಪ ಸೇರಿಕೊಂಡಿತು. ಪಿಂಚಣಿ ‘ಸ್ಪರ್ಶ್’ ಎಂಬ ಆನ್‌ಲೈನ್ ಪಿಂಚಣಿ ಪೋರ್ಟಲ್ಲಿಗೆ ಬಂದ ಮೇಲೆ ಕಂಪ್ಯೂಟರ್ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಹಿಂದೆ ಬ್ಯಾಂಕಿನವರು ಮುಖ ನೋಡಿ ಬಿಡುತ್ತಿದ್ದ ವ್ಯತ್ಯಾಸ ಈಗ ತಡೆಯಾಗಿ ನಿಲ್ಲುತ್ತದೆ.

ಮೊದಲು ಯೋಚಿಸಬೇಕಾದ್ದು: ಸೇನಾ ದಾಖಲೆ ತಿದ್ದಬೇಕೋ, ಆಧಾರ್ ತಿದ್ದಬೇಕೋ? ನಿಮ್ಮ ಸ್ವಂತ ಹೆಸರಿನಲ್ಲಿ ಒಂದೆರಡು ಅಕ್ಷರದ ವ್ಯತ್ಯಾಸವಿದ್ದರೆ ಆಧಾರನ್ನೇ ಪಿಪಿಒಗೆ ಸರಿಹೊಂದಿಸುವುದು ಬೇಗ ಆಗುವ ಕೆಲಸ. ಹೆಂಡತಿ ಮಕ್ಕಳ ಹೆಸರು ಸೇನಾ ದಾಖಲೆಯಲ್ಲಿ ಇಲ್ಲದಿದ್ದರೆ, ಅಥವಾ ಪೂರ್ತಿ ಬೇರೆಯಾಗಿದ್ದರೆ, ರೆಕಾರ್ಡ್ ಆಫೀಸಿಗೇ ಹೋಗಬೇಕು. ಸಾಮಾನ್ಯವಾಗಿ ಕೇಳುವುದು ಮ್ಯಾಜಿಸ್ಟ್ರೇಟರ ಮುಂದೆ ಮಾಡಿದ ಅಫಿಡವಿಟ್, ಮದುವೆ ಅಥವಾ ಜನನ ಪ್ರಮಾಣಪತ್ರ, ಗಂಡ ಹೆಂಡತಿಯ ಜಂಟಿ ಫೋಟೊ, ಆಧಾರ್ ನಕಲು, ಹೆಸರು ಬದಲಾವಣೆಯಾದರೆ ಪತ್ರಿಕಾ ಪ್ರಕಟಣೆ. ಇವನ್ನು ಜಿಲ್ಲಾ ಸೈನಿಕ ಕಚೇರಿಯ ಮೂಲಕ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ರೆಕಾರ್ಡ್ ಆಫೀಸ್ ತನ್ನ ದಾಖಲೆ ತಿದ್ದಿದ ಮೇಲೆ ಪ್ರಯಾಗ್‌ರಾಜ್‌ನ ಪಿಂಚಣಿ ಕಚೇರಿಯಿಂದ ತಿದ್ದುಪಡಿ ಪಿಪಿಒ ಬರಬೇಕು. ಅದು ಕೈಗೆ ಬರುವವರೆಗೆ ಕೆಲಸ ಮುಗಿದಿಲ್ಲ. ಅರ್ಧಕ್ಕೆ ಬಿಟ್ಟು ಕೂರುವವರು ಇಲ್ಲಿ ಬಹಳ.

ಎಲ್ಲಿಗೆ ಬರೆಯುವುದೆಂದು ಕೇಳುವವರಿಗೆ: ಮರಾಠಾ ಲೈಟ್ ಇನ್‌ಫೆಂಟ್ರಿಯವರದು ಬೆಳಗಾವಿ, ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್), ಪ್ಯಾರಾ, ಪಯೋನಿಯರ್, ಸಿಎಂಪಿಯವರದು (ಸೇನಾ ಪೊಲೀಸ್) ಬೆಂಗಳೂರು, ಮದ್ರಾಸ್ ರೆಜಿಮೆಂಟಿನದು ವೆಲ್ಲಿಂಗ್ಟನ್, ಆರ್ಟಿಲರಿಯದು ನಾಶಿಕ್, ಸಿಗ್ನಲ್ಸ್‌ನದು ಜಬಲ್‌ಪುರ, ಇಎಂಇಯದು (ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್) ಸಿಕಂದರಾಬಾದ್. ನೌಕಾಪಡೆಯ ನಾವಿಕರ ದಾಖಲೆ ಮುಂಬಯಿಯಲ್ಲಿ, ವಾಯುಪಡೆಯದು ದೆಹಲಿಯಲ್ಲಿ. ಪತ್ರದ ಮೇಲ್ಭಾಗದಲ್ಲಿ ಸೇವಾ ಸಂಖ್ಯೆ, ಪದವಿ, ಹೆಸರು ದಪ್ಪಗೆ ಇರಲಿ. ಸೇವಾ ಸಂಖ್ಯೆ ಇಲ್ಲದ ಪತ್ರದಿಂದ ಕಡತ ಹುಡುಕುವುದು ಅವರಿಗೂ ಆಗುವುದಿಲ್ಲ.

ಗಂಡ ತೀರಿಕೊಂಡಿದ್ದಾರೆ. ಹೆಂಡತಿ ಸದಸ್ಯೆಯಾಗಬಹುದೇ?

ಆಗಬಹುದು, ಆಗಲೇಬೇಕು. ವೀರನಾರಿಯರಿಗೂ (ಕರ್ತವ್ಯದಲ್ಲಿ ಮಡಿದ ಯೋಧರ ಪತ್ನಿಯರು) ಉಳಿದ ಯೋಧರ ವಿಧವೆಯರಿಗೂ ಮತದಾನದ ಹಕ್ಕಿರುವ ಪೂರ್ಣ ಸದಸ್ಯತ್ವ ಕೊಡಿ. ವರ್ಷಕ್ಕೊಮ್ಮೆ ಸೀರೆ ಕೊಟ್ಟು, ಶಾಲು ಹೊದಿಸಿ, ಮಹಾಸಭೆಯಲ್ಲಿ ಮಾತ್ರ ಮಾತಿಗೆ ಅವಕಾಶ ಕೊಡದೆ ಕಳಿಸುವುದು ಸರಿಯಲ್ಲ. ಅತಿ ಹೆಚ್ಚು ಕಾಗದದ ತೊಡಕು ಇರುವುದೇ ಅವರ ಮನೆಗಳಲ್ಲಿ.

ಸಾವಾದ ಕೂಡಲೇ ಆಗಬೇಕಾದ್ದು: ಮರಣ ಪ್ರಮಾಣಪತ್ರದ ಹತ್ತು ಪ್ರತಿ ತೆಗೆಸಿ. ಸ್ಪರ್ಶ್‌ನಲ್ಲಿ ಅಥವಾ ಪಿಂಚಣಿ ಬರುವ ಬ್ಯಾಂಕಿನಲ್ಲಿ ತಿಳಿಸಿ ಕುಟುಂಬ ಪಿಂಚಣಿಗೆ ಅರ್ಜಿ ಕೊಡಿ. ರೆಕಾರ್ಡ್ ಆಫೀಸಿಗೂ ಜಿಲ್ಲಾ ಸೈನಿಕ ಕಚೇರಿಗೂ ಪತ್ರ ಹಾಕಿ. ತೀರಿಕೊಂಡವರ ಇಸಿಎಚ್‌ಎಸ್ ಮತ್ತು ಕ್ಯಾಂಟೀನ್ ಕಾರ್ಡ್ ಒಪ್ಪಿಸಿ, ಹೆಂಡತಿಯ ಹೆಸರಿಗೆ ಹೊಸದು ಮಾಡಿಸಿ. ಪಿಂಚಣಿ ಖಾತೆಯಿಂದ ಎಟಿಎಂನಲ್ಲಿ ಹಣ ತೆಗೆಯುತ್ತಲೇ ಇರಬೇಡಿ. ಸಾವಿನ ನಂತರ ಜಮೆಯಾದ ಪಿಂಚಣಿಯನ್ನು ವಸೂಲಿ ಮಾಡುತ್ತಾರೆ, ಆ ಹೊರೆ ಆಕೆಯ ಕುಟುಂಬ ಪಿಂಚಣಿಯ ಮೇಲೆ ಬೀಳುತ್ತದೆ.

ನಮ್ಮ ತಾಲ್ಲೂಕಿನಲ್ಲಿ ಸಂಘವೇ ಇಲ್ಲ. ಕಟ್ಟುವುದು ಹೇಗೆ?

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ 18 ದಾಟಿದ ಏಳು ಜನ ಸಾಕು. ಜಿಲ್ಲೆಯಲ್ಲಿ ಸಂಘಗಳ ನೋಂದಣಾಧಿಕಾರಿಯಾಗಿ ಕೆಲಸ ಮಾಡುವುದು ಸಹಕಾರ ಸಂಘಗಳ ಉಪ ನಿಬಂಧಕರ ಕಚೇರಿ. ಸಂಘದ ಜ್ಞಾಪನಾ ಪತ್ರ, ಬೈಲಾ, ಪದಾಧಿಕಾರಿಗಳ ಪಟ್ಟಿ ಮತ್ತು ಸಹಿ, ವಿಳಾಸದ ಪುರಾವೆ, ಪೂರ್ವಭಾವಿ ಸಭೆಯ ನಡಾವಳಿ ಸಿದ್ಧ ಮಾಡಿಕೊಳ್ಳಿ.

ನೋಂದಣಿ ಆಗುತ್ತದೆ. ತೊಂದರೆ ಶುರುವಾಗುವುದು ಎರಡನೇ ವರ್ಷದಲ್ಲಿ. ವರ್ಷಕ್ಕೊಂದು ಮಹಾಸಭೆ ನಡೆಯಲೇಬೇಕು, ಎರಡು ಮಹಾಸಭೆಗಳ ನಡುವೆ 15 ತಿಂಗಳಿಗಿಂತ ಹೆಚ್ಚು ಅಂತರ ಕೂಡದು. ಸಭೆ ಮುಗಿದ 14 ದಿನದೊಳಗೆ ಆಡಿಟ್ ಆದ ಲೆಕ್ಕ ಮತ್ತು ಆಡಳಿತ ಮಂಡಳಿಯ ಪಟ್ಟಿ ನೋಂದಣಾಧಿಕಾರಿಗೆ ತಲುಪಬೇಕು. ಉತ್ಸಾಹದಲ್ಲಿ ಕಟ್ಟಿದ ಸಂಘಗಳು ಇದನ್ನು ಮರೆಯುತ್ತವೆ. ನಾಲ್ಕಾರು ವರ್ಷದ ಮೇಲೆ ನಿವೇಶನಕ್ಕೋ ಭವನದ ಅನುದಾನಕ್ಕೋ ಅರ್ಜಿ ಹಾಕಿದಾಗ ‘ಲೆಕ್ಕಪತ್ರ ಸಲ್ಲಿಸಿಲ್ಲ’ ಎಂದು ಕಡತ ನಿಲ್ಲುತ್ತದೆ. ಹಿಂದಿನ ಎಲ್ಲ ವರ್ಷಗಳ ಆಡಿಟ್ ಒಟ್ಟಿಗೆ ಮಾಡಿಸಲು ಹೊರಟರೆ ರಸೀದಿ ಪುಸ್ತಕ ಹಳೆಯ ಖಜಾಂಚಿಯ ಮನೆಯಲ್ಲಿ, ಹಳೆಯ ಖಜಾಂಚಿಗೂ ಹೊಸ ಅಧ್ಯಕ್ಷರಿಗೂ ಮಾತಿಲ್ಲ. ಆದ್ದರಿಂದ ಮಹಾಸಭೆಯ ತಿಂಗಳನ್ನು ಬೈಲಾದಲ್ಲೇ ನಿಗದಿ ಮಾಡಿ. ಬ್ಯಾಂಕ್ ಖಾತೆಗೆ ಇಬ್ಬರ ಜಂಟಿ ಸಹಿ ಇರಲಿ, ಪ್ಯಾನ್ ಸಂಘದ ಹೆಸರಿನಲ್ಲೇ ಇರಲಿ.

ಬೈಲಾದಲ್ಲಿ ಸದಸ್ಯತ್ವದ ನಿಯಮ ಹೇಗಿರಬೇಕು?

ಇದಕ್ಕೆ ಅಮೆರಿಕದ ಎರಡು ಸಂಘಟನೆಗಳನ್ನು ನೋಡಿ. ಅಲ್ಲಿನ ಅಂತರ್ಯುದ್ಧದ ನಂತರ, 1866ರಲ್ಲಿ, ಇಲಿನಾಯ್ ರಾಜ್ಯದ ಡೆಕೇಟರ್ ಊರಿನಲ್ಲಿ ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್ ಹುಟ್ಟಿತು. ಉತ್ತರದ ಪಡೆಯಲ್ಲಿ ಹೋರಾಡಿದವರಿಗೆ ಮಾತ್ರ ಸದಸ್ಯತ್ವ. 1890ರ ಹೊತ್ತಿಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಸದಸ್ಯರು, ರಾಜಕಾರಣಿಗಳು ನಡುಗುವಷ್ಟು ಬಲ. ಮಕ್ಕಳು ಬೇರೆ ಸಂಘ, ಹೆಂಗಸರು ಬೇರೆ ಸಂಘ ಮಾಡಿಕೊಂಡರು. ಮೂಲ ಸಂಘದ ಬಾಗಿಲು ತೆರೆಯಲಿಲ್ಲ. 1956ರಲ್ಲಿ ಕೊನೆಯ ಸದಸ್ಯ ಆಲ್ಬರ್ಟ್ ವೂಲ್ಸನ್ ತೀರಿಕೊಂಡರು, ಸಂಘವೂ ಮುಗಿಯಿತು. 1919ರಲ್ಲಿ ಹುಟ್ಟಿದ ಅಮೆರಿಕನ್ ಲೀಜನ್ ಹಾಗೆ ಮಾಡಲಿಲ್ಲ. ಮೊದಲ ಮಹಾಯುದ್ಧದವರಿಂದ ಶುರುವಾಗಿ, ಪ್ರತಿ ಯುದ್ಧದ ನಂತರ ಕಾನೂನು ತಿದ್ದಿಸಿ ಹೊಸಬರನ್ನು ಸೇರಿಸಿಕೊಂಡಿತು. 2019ರ ತಿದ್ದುಪಡಿಯಿಂದ 1941ರ ಡಿಸೆಂಬರ್ 7ರ ನಂತರ ಸೇವೆ ಸಲ್ಲಿಸಿದ ಎಲ್ಲರಿಗೂ ಬಾಗಿಲು ತೆರೆಯಿತು.

‘1971ರ ಯುದ್ಧದ ಯೋಧರ ಸಂಘ’ ಎಂದು ನೋಂದಾಯಿಸಿಕೊಂಡವರು ಇದನ್ನು ಯೋಚಿಸಬೇಕು. ನಮ್ಮ ಸಲಹೆ: ಪೂರ್ಣ ಸದಸ್ಯತ್ವ ಮಾಜಿ ಸೈನಿಕರಿಗೆ ಮತ್ತು ವಿಧವೆಯರಿಗೆ, ಸಹ ಸದಸ್ಯತ್ವ ಅಗ್ನಿವೀರರಿಗೆ, ಅರೆಸೇನಾ ಪಡೆಯವರಿಗೆ, ವಯಸ್ಕ ಮಕ್ಕಳಿಗೆ. ಸಹ ಸದಸ್ಯರಿಗೆ ಮತವಿದೆಯೇ ಇಲ್ಲವೇ ಎಂಬುದನ್ನು ಒಂದೇ ಸಾಲಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ಪದಾಧಿಕಾರಿಗಳಿಗೆ ಸತತ ಎರಡು ಅವಧಿಯ ಮಿತಿ ಇರಲಿ. ಸುಬೇದಾರರೇ ಅಧ್ಯಕ್ಷರಾಗಬೇಕು, ಸಿಪಾಯಿ ಆಗಕೂಡದು ಎಂಬಂಥ ಕಲಂ ಎಲ್ಲಿಯೂ ಬೇಡ.

ಇಷ್ಟೊಂದು ಸಂಘಗಳು ಯಾಕೆ? ಒಂದೇ ಇದ್ದರೆ ಆಗದೇ?

ಒಂದೊಂದು ಸಂಘ ಒಂದೊಂದು ಅಗತ್ಯಕ್ಕೆ ಹುಟ್ಟಿದೆ. ಪಿಂಚಣಿಯ ಹೋರಾಟವನ್ನೇ ನೋಡಿ. 1973ರಲ್ಲಿ ಮೂರನೇ ವೇತನ ಆಯೋಗದ ನಂತರ ಜವಾನರ ಪಿಂಚಣಿ ಸಂಬಳದ ನೂರಕ್ಕೆ 70ರಿಂದ 50ಕ್ಕೆ ಇಳಿಯಿತು. ಸಮಾನ ಪದವಿ, ಸಮಾನ ಸೇವೆಗೆ ಸಮಾನ ಪಿಂಚಣಿ ಎಂಬ ಬೇಡಿಕೆ ದಶಕಗಳ ಕಾಲ ಎಳೆದಾಡಿತು. 2008ರಲ್ಲಿ ಹುಟ್ಟಿದ ಇಂಡಿಯನ್ ಎಕ್ಸ್-ಸರ್ವಿಸ್‌ಮೆನ್ ಮೂವ್‌ಮೆಂಟ್ ಬೀದಿಗಿಳಿಯಿತು, ಹಿರಿಯ ಯೋಧರು ಪದಕಗಳನ್ನು ಹಿಂದಿರುಗಿಸಿದರು, 2015ರ ಜೂನ್‌ನಲ್ಲಿ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಆ ವರ್ಷದ ಸೆಪ್ಟೆಂಬರ್ 5ರಂದು ಆ ಬೇಡಿಕೆಯ ಒಆರ್‌ಒಪಿ (ಒಂದು ಪದವಿ, ಒಂದು ಪಿಂಚಣಿ) ಘೋಷಣೆಯಾಯಿತು, ಜಾರಿ 2014ರ ಜುಲೈ 1ರಿಂದ, ಐದು ವರ್ಷಕ್ಕೊಮ್ಮೆ ಮರುನಿಗದಿ. ಅದೇ ಸಂಘಟನೆ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2022ರ ಮಾರ್ಚ್ 16ರಂದು ಸರ್ಕಾರದ ನೀತಿಯನ್ನು ಎತ್ತಿಹಿಡಿದರೂ, 2019ರ ಜುಲೈ 1ರಿಂದ ಮರುನಿಗದಿ ಮಾಡಿ ಬಾಕಿ ಕೊಡಬೇಕೆಂದು ಆದೇಶಿಸಿತು.

ಹೋರಾಡುವ ಸಂಘ ಬೇಕು, ಕಾಗದ ಬರೆಯುವ ಸಂಘವೂ ಬೇಕು. ಒಬ್ಬರು ಎರಡರಲ್ಲೂ ಸದಸ್ಯರಾಗಿರಲು ಅಡ್ಡಿ ಇಲ್ಲ.

ಸಂಘದ ಮೂಲಕ ಕೇಳಬಹುದಾದ ಸಹಾಯಧನ ಯಾವುವು?

ಸಂಘದ ‘ಮೂಲಕ’ ಅಲ್ಲ. ಅರ್ಜಿ ಕೇಂದ್ರೀಯ ಸೈನಿಕ ಮಂಡಳಿಯ ಪೋರ್ಟಲ್ಲಿನಲ್ಲಿ, ಪರಿಶೀಲನೆ ಜಿಲ್ಲಾ ಕಚೇರಿಯಲ್ಲಿ. ಸಂಘ ಕೂತು ತುಂಬಿಸಿಕೊಡಬಹುದು. 2025ರ ನವೆಂಬರ್ 1ರ ನಂತರದ ಅರ್ಜಿಗಳಿಗೆ ಮೊತ್ತ ಎರಡರಷ್ಟಾಗಿದೆ. ಪಿಂಚಣಿ ಇಲ್ಲದ, 65 ದಾಟಿದ ಬಡ ಮಾಜಿ ಸೈನಿಕರಿಗೆ ಮತ್ತು ಅವರ ವಿಧವೆಯರಿಗೆ ತಿಂಗಳಿಗೆ 8,000 ರೂಪಾಯಿ. ಇಬ್ಬರು ಮಕ್ಕಳವರೆಗೆ ಶಿಕ್ಷಣಕ್ಕೆ ತಲಾ ತಿಂಗಳಿಗೆ 2,000. ಇಬ್ಬರು ಹೆಣ್ಣುಮಕ್ಕಳ ಮದುವೆಗೆ, ವಿಧವಾ ಮರುವಿವಾಹಕ್ಕೆ ತಲಾ 1,00,000. ಇವು ಮುಖ್ಯವಾಗಿ ಹವಾಲ್ದಾರ್ ಮತ್ತು ಕೆಳಗಿನ ಪದವಿಯವರಿಗೆ.

ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500. ಪಿಯುಸಿಯಲ್ಲಿ ಅಥವಾ ಕೋರ್ಸಿಗೆ ಬೇಕಾದ ಅರ್ಹತಾ ಪರೀಕ್ಷೆಯಲ್ಲಿ ನೂರಕ್ಕೆ 60 ಬಂದಿರಬೇಕು, ವೃತ್ತಿಪರ ಕೋರ್ಸಿನ ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ಎರಡನೇ ವರ್ಷದಲ್ಲಿ ಬಂದು ಕೇಳುವ ಮಕ್ಕಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ಏಕೆಂದರೆ ಆಗ ಯಾರಿಂದಲೂ ಏನೂ ಮಾಡಲಾಗದು. ಪಿಯು ಫಲಿತಾಂಶ ಬಂದ ವಾರ ಸಂಘದವರು ಸದಸ್ಯರ ಮನೆಗಳಿಗೆ ಫೋನ್ ಮಾಡುವುದನ್ನು ರೂಢಿ ಮಾಡಿಕೊಳ್ಳಿ.

ಇಸಿಎಚ್‌ಎಸ್ ವಂತಿಗೆ ಎಷ್ಟು?

ಒಂದೇ ಸಲ ಕಟ್ಟುವುದು: ಹವಾಲ್ದಾರ್‌ವರೆಗೆ 30,000, ಜೆಸಿಒಗಳಿಗೆ (ನಾಯಬ್ ಸುಬೇದಾರ್‌ನಿಂದ ಸುಬೇದಾರ್ ಮೇಜರ್‌ವರೆಗೆ) 67,000, ಅಧಿಕಾರಿಗಳಿಗೆ 1,20,000 ರೂಪಾಯಿ. 1996ರ ಜನವರಿ 1ಕ್ಕೆ ಮುಂಚೆ ನಿವೃತ್ತರಾದವರಿಗೆ ವಂತಿಗೆ ಇಲ್ಲ. ತಂದೆ ತಾಯಿಯನ್ನು ಸೇರಿಸಲು ಅವರ ಆದಾಯದ ಮಿತಿ ತಿಂಗಳಿಗೆ 9,000 ಮತ್ತು ಅದರ ಮೇಲಿನ ತುಟ್ಟಿಭತ್ಯೆ. ಮಗ ದುಡಿಯತೊಡಗಿದರೆ, ಮದುವೆಯಾದರೆ ಅಥವಾ 25 ತುಂಬಿದರೆ ಅವನ ಕಾರ್ಡ್ ನಿಲ್ಲುತ್ತದೆ.

ಹೊರದೇಶದಲ್ಲಿರುವ ಊರಿನವರು ಸಂಘದ ಭವನಕ್ಕೆ ದೇಣಿಗೆ ಕೊಡುತ್ತೇವೆ ಎನ್ನುತ್ತಾರೆ. ತೆಗೆದುಕೊಳ್ಳಬಹುದೇ?

ಕೊಡುವವರ ಪಾಸ್‌ಪೋರ್ಟ್ ಯಾವುದು ಎಂದು ಮೊದಲು ಕೇಳಿ. ಭಾರತದ ಪಾಸ್‌ಪೋರ್ಟ್ ಇದ್ದು, ದುಬೈಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ದುಡಿಯುತ್ತಿರುವವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅಡ್ಡಿ ಇಲ್ಲ. ಬೇರೆ ದೇಶದ ಪೌರತ್ವ ಪಡೆದು ಒಸಿಐ ಕಾರ್ಡ್ ಇಟ್ಟುಕೊಂಡವರ ಹಣ ವಿದೇಶಿ ದೇಣಿಗೆಯಾಗುತ್ತದೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ. ಅಣ್ಣ ತಮ್ಮ ಇಬ್ಬರೂ ಒಂದೇ ಊರಲ್ಲಿದ್ದರೂ ಒಬ್ಬರ ದುಡ್ಡು ಸರಿ, ಇನ್ನೊಬ್ಬರದು ತಪ್ಪು ಎಂಬ ಪರಿಸ್ಥಿತಿ ಬರಬಹುದು. ಸ್ಥಳೀಯ ದಾನಿಗಳಿಗೆ ಆದಾಯ ತೆರಿಗೆ ವಿನಾಯಿತಿ ಇದೆ ಎಂದು ಹೇಳಬೇಕಾದರೆ 80ಜಿ ಅನುಮೋದನೆ ಕೈಯಲ್ಲಿರಬೇಕು.

ಲೆಟರ್‌ಹೆಡ್, ಮೊಹರು, ಪದವಿ ಬರೆಯುವ ಕ್ರಮ?

ನಾಲ್ಕು ಸಿಂಹದ ಲಾಂಛನ ಬೇಡವೇ ಬೇಡ. 2005ರ ಕಾಯ್ದೆ ಅದನ್ನು ನಿಷೇಧಿಸುತ್ತದೆ. ರೆಜಿಮೆಂಟಿನ ಚಿಹ್ನೆಯನ್ನೂ ಬಳಸಬೇಡಿ. ‘ನಿವೃತ್ತ’ ಎಂಬ ಮಾತು ಹೆಸರಿನ ನಂತರ ಬರಬೇಕು, ಪದವಿಯ ಪಕ್ಕದಲ್ಲಿ ಅಲ್ಲ. ಪದವಿ ನಿವೃತ್ತಿಯಾಗುವುದಿಲ್ಲ, ವ್ಯಕ್ತಿ ಆಗುತ್ತಾನೆ ಎಂಬುದು ಅದರ ಹಿಂದಿನ ತರ್ಕ. ಆಹ್ವಾನಪತ್ರಿಕೆ ಅಚ್ಚಿಗೆ ಕೊಡುವ ಮುನ್ನ ಇದನ್ನೊಮ್ಮೆ ನೋಡಿಕೊಳ್ಳಿ.

ಸಂಘದ ಹೆಸರಿನಲ್ಲಿ ನಿವೇಶನ, ಜಮೀನು, ಸೆಕ್ಯೂರಿಟಿ ಕೆಲಸ ಕೊಡಿಸುತ್ತೇವೆ ಎನ್ನುವವರನ್ನು ನಂಬಬಹುದೇ?

ಜಮೀನಿನ ಅರ್ಜಿ ತಹಶೀಲ್ದಾರರಿಗೆ. ಪುನರ್ವಸತಿ ಮಹಾನಿರ್ದೇಶನಾಲಯದ ಪ್ರಾಯೋಜಿತ ಭದ್ರತಾ ಕೆಲಸ ಆ ನಿರ್ದೇಶನಾಲಯದಿಂದಲೇ. ನಡುವೆ ನಿಂತು ‘ಮೇಲಿನವರಿಗೆ’ ಎಂದು ಹಣ ಕೇಳುವವರು ಯಾರೇ ಆಗಿರಲಿ, ಹಳೆಯ ಯೂನಿಟ್ಟಿನ ಗೆಳೆಯನೇ ಆಗಿರಲಿ, ಕೊಡಬೇಡಿ. ನಮ್ಮವರು ಮೋಸ ಹೋಗುವುದು ದುರಾಸೆಯಿಂದಲ್ಲ. ಸಮವಸ್ತ್ರ ತೊಟ್ಟವನ ಮಾತನ್ನು ನಂಬಿ ಬದುಕಿದ ರೂಢಿಯಿಂದ.

ಸದಸ್ಯರು ತೀರಿಕೊಂಡಾಗ ರಾಷ್ಟ್ರಧ್ವಜ ಹೊದಿಸಬಹುದೇ?

ಇದನ್ನು ಕೇಳುವವರ ಮನಸ್ಸು ನಮಗೆ ಅರ್ಥವಾಗುತ್ತದೆ. ಆದರೆ ಧ್ವಜ ಸಂಹಿತೆಯ ಪ್ರಕಾರ ಸರ್ಕಾರಿ ಗೌರವದ, ಸೇನಾ ಅಥವಾ ಅರೆಸೇನಾ ಪಡೆಗಳ ಅಂತ್ಯಕ್ರಿಯೆ ಬಿಟ್ಟು ಬೇರೆಡೆ ತ್ರಿವರ್ಣವನ್ನು ಹೊದಿಕೆಯಾಗಿ ಬಳಸುವಂತಿಲ್ಲ. ಊರಿನಲ್ಲಿ ಸಂಘದವರೇ ನಡೆಸುವ ಅಂತ್ಯಕ್ರಿಯೆ ಈ ಮೂರರಲ್ಲಿ ಬರುವುದಿಲ್ಲ. ಸೇನಾ ಗೌರವ ಇರುವ ಕಡೆ ಕೇಸರಿ ಪಟ್ಟಿ ತಲೆಯ ಕಡೆಗೆ ಬರಬೇಕು, ಧ್ವಜವನ್ನು ಗುಂಡಿಗೆ ಇಳಿಸುವಂತಿಲ್ಲ, ಚಿತೆಯಲ್ಲಿ ಸುಡುವಂತಿಲ್ಲ.

ಉಳಿದ ಕಡೆ ಸಂಘ ತನ್ನದೇ ಧ್ವಜ ಹೊದಿಸಬಹುದು, ಹೂಗುಚ್ಛ ಇಡಬಹುದು. ಸದಸ್ಯರು ಪದಕ ಧರಿಸಿ ಸಾಲಾಗಿ ನಿಂತು ಎರಡು ನಿಮಿಷ ಮೌನ ಆಚರಿಸಬಹುದು. ಆಮೇಲೆ ಹನ್ನೊಂದನೇ ದಿನಕ್ಕೋ ಹದಿಮೂರನೇ ದಿನಕ್ಕೋ ಕಾರ್ಯದರ್ಶಿಯೂ ಇನ್ನೊಬ್ಬರೂ ಆ ಮನೆಗೆ ಹೋಗಿ, ಟ್ರಂಕಿನಿಂದ ಡಿಸ್ಚಾರ್ಜ್ ಬುಕ್ ತೆಗೆಸಿ, ಹೆಂಡತಿಯ ಹೆಸರಿರುವ ಪುಟ ತೆರೆದು ನೋಡಬೇಕು.